ಶನಿವಾರವಾಡೆಯ ಮುಂದೆ ಮಾರಿದ ನೀರು

ಚನ್ನಬಸವ್ವ ನೀರು ಮಾರುವಾಗ ಎಂದೂ ಕುಳಿತುಕೊಳ್ಳುತ್ತಿರಲಿಲ್ಲ. ಕುಳಿತವಳು ಏಳುವಷ್ಟರಲ್ಲಿ ಮಹಾನಗರಪಾಲಿಕೆಯ ಅತಿಕ್ರಮಣ ತೆರವಿನ ಗಾಡಿ ಬಂದರೆ ಬಕೆಟ್ಟು, ಬಾಟಲಿ ಎಲ್ಲ ಎತ್ತಿಕೊಂಡು ಹೋಗುತ್ತಿದ್ದರು. ಪುಣೆಯ ಶನಿವಾರವಾಡೆಯ ದೊಡ್ಡ ಬಾಗಿಲಿನ ಎದುರು, ಪ್ರವಾಸಿಗರ ಬಸ್ಸು ನಿಲ್ಲುವ ಕಡೆ, ಅವಳು ಎರಡು ಬೇಸಿಗೆಯಿಂದ ಹೀಗೆ ನಿಂತೇ ಮಾರುತ್ತಿದ್ದಳು. ಲೈಸೆನ್ಸ್ ಇರಲಿಲ್ಲ. ಕೇಳಲು ಹೋದಾಗ ಹೊಸಬರಿಗೆ ಕೊಡುತ್ತಿಲ್ಲ ಎಂದು ಕಚೇರಿಯವರು ವಾಪಸು ಕಳಿಸಿದ್ದರು. ಗಂಡ ಮುರುಗೆಪ್ಪ ಬೈಲಹೊಂಗಲದಿಂದ ಬಂದು ಕಾಳಿನ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದವನು, ಲಕ್ವಾ ಹೊಡೆದ ಮೇಲೆ ಹಾಸಿಗೆ ಹಿಡಿದಿದ್ದ.

ಬಾಟಲಿಗಳನ್ನು ದೇವದಾಸ್ ಎಂಬವನು ಸ್ಕೂಟರಿನ ಮೇಲೆ ತಂದು ಕೊಡುತ್ತಿದ್ದ. ಅಲ್ಲಿ ಮಾರುವ ಐದಾರು ಹೆಂಗಸರೂ ಅವನಿಂದಲೇ ಕೊಳ್ಳಬೇಕಿತ್ತು. ಒಬ್ಬಾಕೆ ಒಮ್ಮೆ ಬೇರೆ ಕಡೆಯಿಂದ ತಂದಿದ್ದಕ್ಕೆ ಅವಳ ಬಕೆಟ್ಟನ್ನು ಎಲ್ಲರೆದುರು ಒದ್ದು ಗಟಾರಕ್ಕೆ ಬೀಳಿಸಿದ್ದ. ಆಕೆ ಮತ್ತೆ ಆ ಕಡೆ ಕಾಣಿಸಿಕೊಳ್ಳಲಿಲ್ಲ.

ಎರಡು ಸಾವಿರದ ಮೂರರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಧಾರವಾಡದ ಬಸ್ಸು ಬಂತು. ಇಳಿದವರ ಬಾಯಲ್ಲಿ ಕನ್ನಡ ಕೇಳಿ ಚನ್ನಬಸವ್ವ ತಾನೂ ಕನ್ನಡದಲ್ಲೇ ಕೂಗಿದಳು. ಮಂಜರಿ ಎಂಬ ಹೆಣ್ಣುಮಗಳು ಐದು ವರ್ಷದ ಮಗಳನ್ನು ಕೈಹಿಡಿದುಕೊಂಡು ಹತ್ತಿರ ಬಂದು, ನಮ್ಮ ಕಡೆಯವರೇ ಏನ್ರಿ ಎಂದು ಕೇಳಿದಳು. ಹೌದು ಎಂದಾಗ ನಕ್ಕು, "ನಮ್ಮವರ ಕಡೆ ತಗೊಂಡ್ರ ಚಿಂತಿ ಇಲ್ಲ ಬಿಡ್ರಿ," ಎಂದಳು. ಅವಳನ್ನು ನೋಡಿ ಉಳಿದವರೂ ಕೊಂಡರು. ಹನ್ನೊಂದು ಬಾಟಲಿ ಹೋದವು.

ಅವರು ಒಳಗೆ ಹೋದ ಮೇಲೆ ಚನ್ನಬಸವ್ವನಿಗೂ ಬಾಯಾರಿತು. ಮನೆಯಿಂದ ತಂದ ನೀರು ಮುಗಿದಿತ್ತು. ತನ್ನದೇ ಬಕೆಟ್ಟಿನಿಂದ ಒಂದು ಬಾಟಲಿ ತೆಗೆದು ಮುಚ್ಚಳ ತಿರುಗಿಸಿದಳು. ಸೀಲು ಮುರಿಯುವ ಸದ್ದು ಬರಲಿಲ್ಲ. ಮುಚ್ಚಳದ ಕೆಳಗಿನ ಬಳೆಗೆ ಅಂಟು ಹಚ್ಚಿದ್ದು ಬೆರಳಿಗೆ ತಾಗಿತು. ಇನ್ನೊಂದನ್ನು ನೋಡಿದಳು, ಮತ್ತೊಂದನ್ನು ನೋಡಿದಳು. ಬಿಸಿಲಿಗೆ ಎತ್ತಿ ಹಿಡಿದರೆ ತಳದಲ್ಲಿ ಕಂದು ಪುಡಿ ಕೂತಿತ್ತು.

ಹಿಂದಿನ ಮಳೆಗಾಲದಲ್ಲಿ ಅವರ ವಠಾರದ ನಲ್ಲಿಗೆ ಗಟಾರದ ನೀರು ಸೇರಿ, ಪಕ್ಕದ ಮನೆಯ ತಿಪ್ಪವ್ವ ಕಾಮಾಲೆಯಾಗಿ ಹತ್ತೇ ದಿನದಲ್ಲಿ ಸತ್ತಿದ್ದಳು. ಆಕೆಗೆ ಗಂಜಿ ಕುಡಿಸಿದವಳು ಚನ್ನಬಸವ್ವನೇ. ಹಳದಿಯಾದ ಆ ಕಣ್ಣು ಈಗ ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಸಂಜೆಗೆ ಬಸ್ಸು ಹೊರಟುಹೋಗುತ್ತದೆ. ಹೇಳಿದರೆ ಪೊಲೀಸರು, ಪೊಲೀಸರು ಬಿಟ್ಟರೆ ದೇವದಾಸ್. ಬಕೆಟ್ಟಿನ ಮೇಲೆ ಒದ್ದೆ ಗೋಣಿಚೀಲ ಎಳೆದು, ಟಿಕೀಟು ತೆಗೆಸಿ ಒಳಗೆ ಓಡಿದಳು.

ಮಂಜರಿಯ ಮಗಳು ಮರದ ನೆರಳಲ್ಲಿ ಕುಳಿತು ನೀರು ಕುಡಿಯುತ್ತಿದ್ದಳು. ಚನ್ನಬಸವ್ವ ಹೋಗಿ ಬಾಟಲಿ ಕಸಿದುಕೊಂಡಳು. ಮಗು ಬೆದರಿ ಅಳತೊಡಗಿತು.

"ಯಾರೂ ಕುಡೀಬ್ಯಾಡ್ರಿ. ಹಳೇ ಬಾಟಲ್ಯಾಗ ನೀರು ತುಂಬಿ ಸೀಲ್ ಅಂಟಿಸ್ಯಾರ. ನನಗ ಈಗ ಗೊತ್ತಾತ್ರಿ," ಎಂದಳು.

ಮಂಜರಿಯ ಮಾವ ಅಪ್ಪಾಸಾಹೇಬರು ಅವಳ ಮುಂಗೈ ಬಿಗಿಯಾಗಿ ಹಿಡಿದುಕೊಂಡರು. ಮಾರಿ ದುಡ್ಡು ಎಣಿಸಿಕೊಂಡ ಮೇಲೆ ಗೊತ್ತಾಯಿತೇ ಎಂದು ಕೇಳಿದರು, ಪೊಲೀಸ್ ಚೌಕಿಗೆ ನಡೆ ಎಂದರು. ಸುತ್ತ ಜನ ಸೇರಿದರು. ತನ್ನನ್ನು ಒಳಗೆ ಹಾಕಿದರೆ ಮುರುಗೆಪ್ಪನನ್ನು ಪಕ್ಕ ಹೊರಳಿಸುವವರು ಯಾರು ಎನ್ನುವುದೊಂದೇ ಚನ್ನಬಸವ್ವನ ತಲೆಯಲ್ಲಿತ್ತು.

ಮಂಜರಿಯ ಮುಖ ಬಿಳುಚಿತ್ತು. ಮಗು ಅರ್ಧ ಬಾಟಲಿ ಕುಡಿದಿತ್ತು. ಆದರೂ ಅವಳೇ, "ಕೈ ಬಿಡ್ರಿ ಮಾವಾರ. ಓಡಿಹೋಗಬಹುದಿತ್ತು, ಹೇಳಾಕ ಬಂದಾಳ," ಎಂದಳು.

ಅಪ್ಪಾಸಾಹೇಬರು ಕೈ ಬಿಟ್ಟು, ನೀರು ತಂದುಕೊಟ್ಟವನು ಯಾರೆಂದು ಕೇಳಿದರು. ಚನ್ನಬಸವ್ವ ಸುತ್ತ ನೋಡಿ, ದನಿ ತಗ್ಗಿಸಿ ದೇವದಾಸನ ಹೆಸರನ್ನೂ ಸ್ಕೂಟರಿನ ನಂಬರನ್ನೂ ಹೇಳಿದಳು. ಹೇಳಿದ ಕೂಡಲೇ ಹೇಳಬಾರದಿತ್ತು ಎನಿಸಿತು. ಹೊರಡುವಾಗ ಮಗುವಿನ ಸುದ್ದಿ ತಿಳಿಯಲೆಂದು ಮಂಜರಿಯ ಫೋನ್ ನಂಬರು ಕೇಳಿದಳು. ಮಂಜರಿ ಒಂದು ಗಳಿಗೆ ಅವಳನ್ನೇ ನೋಡಿ, ಟಿಕೀಟಿನ ಹಿಂದೆ ಬರೆದುಕೊಟ್ಟಳು.

ಹೊರಗೆ ಬಂದರೆ ಬಕೆಟ್ಟು ಇರಲಿಲ್ಲ. ಅತಿಕ್ರಮಣದ ಗಾಡಿ ಬಂದು ಹೋಗಿತ್ತು. ಬಕೆಟ್ಟು ಇದ್ದ ಜಾಗದಲ್ಲಿ ದೇವದಾಸ್ ನಿಂತಿದ್ದ. ಸಾಮಾನು ಬಿಟ್ಟು ಒಳಗೆ ಯಾಕೆ ಹೋಗಿದ್ದೆ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದ. ಸಂಡಾಸಿಗೆ ಎಂದಳು. ಅವನು ತಲೆಯಾಡಿಸಿದ. ನಿನ್ನ ಗಂಡ ದಿನವೆಲ್ಲ ಮನೆಯಲ್ಲಿ ಒಬ್ಬನೇ ಇರುತ್ತಾನಲ್ಲವೇ, ಬಾಗಿಲು ತೆಗೆಯಲೂ ಏಳಲಾರ, ಪಾಪ, ಎಂದು ಹೇಳಿ ಸ್ಕೂಟರು ಹತ್ತಿ ಹೋದ.

ಎರಡು ದಿನ ಅವಳು ಚಿಲಕ ಹಾಕಿಕೊಂಡು ಮನೆಯೊಳಗೇ ಇದ್ದಳು. ಓಣಿಯಲ್ಲಿ ಸ್ಕೂಟರು ಸದ್ದು ಮಾಡಿದರೆ ಒಲೆ ಆರಿಸಿ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಏನಾಯಿತೆಂದು ಮುರುಗೆಪ್ಪ ತೊದಲುತ್ತ ಕೇಳಿದ. ಎಲ್ಲ ಹೇಳಿದಳು. ಅವನು, ಮಗು ಹೇಗಿದೆಯೋ ಧಾರವಾಡಕ್ಕೆ ಫೋನ್ ಮಾಡಿ ಕೇಳು ಎಂದ.

ಮೂರನೆಯ ದಿನ ಸೆರಗು ತಲೆಯ ಮೇಲೆ ಎಳೆದುಕೊಂಡು ಎಸ್‌ಟಿಡಿ ಬೂತಿಗೆ ಹೋದಳು. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು. ಒಮ್ಮೆ ಇಟ್ಟುಬಿಡಲೇ ಎಂದುಕೊಂಡಳು. ಅಷ್ಟರಲ್ಲಿ ಮಂಜರಿ ಎತ್ತಿದಳು.

"ನಾ ಪುಣೇದಾಕಿ ರೀ, ನೀರು ಮಾರಾಕಿ. ಕೂಸು ಹ್ಯಾಂಗ ಅದ?"

ಮಂಜರಿ, ದಾರಿಯಲ್ಲೇ ವಾಂತಿ ಭೇದಿ ಶುರುವಾಗಿ ದವಾಖಾನೆಗೆ ಹಾಕಿ ಸಲಾಯಿನ್ ಏರಿಸಿದ್ದನ್ನು ಹೇಳಿದಳು. ಆ ಬೆಳಿಗ್ಗೆಯಷ್ಟೇ ಮನೆಗೆ ಕರೆತಂದಿದ್ದರು.

"ಈಗ ಅನ್ನಾ ಹಾಲು ಉಣ್ಣಾಕತ್ತದ ರೀ. ಮಾವಾರು ಪೊಲೀಸ್ರಿಗೆ ಪತ್ರ ಬರದಾರ. ನಿಮ್ಮ ಸುದ್ದಿ ಅದರಾಗ ಬರದಿಲ್ಲ."

ಚನ್ನಬಸವ್ವ ಬೂತಿನ ಸ್ಟೂಲಿನ ಮೇಲೆ ಕುಳಿತು ಅತ್ತಳು. ಹೊರಗೆ ಕಾಯುತ್ತಿದ್ದವರು ಗಾಜು ಬಡಿದ ಮೇಲೆ ಎದ್ದಳು.

ಆ ವಾರವೇ ಗಂಡ ಹೆಂಡತಿ ಮನೆ ಬಿಟ್ಟರು. ಟೆಂಪೋದಲ್ಲಿ ಮುರುಗೆಪ್ಪನನ್ನು ಹಾಸಿಗೆ ಸಮೇತ ಮಲಗಿಸಿಕೊಂಡು ಪುಣೆಯ ಪಕ್ಕದ ಪಿಂಪ್ರಿಗೆ ಹೊರಟಾಗ, ಪ್ರತಿ ಸಿಗ್ನಲ್ಲಿನಲ್ಲೂ ಅವಳು ಹಿಂದಿನ ಗಾಡಿಗಳನ್ನು ನೋಡುತ್ತಿದ್ದಳು. ಅಲ್ಲಿ ಬೆಳಗಾವಿಯವರೊಬ್ಬರ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ದೇವದಾಸನನ್ನು ಪೊಲೀಸರು ಹಿಡಿದರೋ ಬಿಟ್ಟರೋ ಅವಳಿಗೆ ತಿಳಿಯಲಿಲ್ಲ. ವಿಚಾರಿಸಲು ಹೋಗುವ ಧೈರ್ಯವೂ ಆಗಲಿಲ್ಲ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಜಗ್ಗಿ ನೋಡುತ್ತಿದ್ದಳು.