ಮೂರನೇ ಅಧ್ಯಾಯದಲ್ಲಿ ಸತ್ತವನು

ಯಾರೋ ಹೂ ಮುಡಿದುಕೊಂಡು ಒಳಗೆ ಬಂದರು ಅನ್ನಿಸಿ ತಲೆ ಎತ್ತಿದೆ, ಯಾರೂ ಇಲ್ಲ, ಕಿಟಕಿ ತೆರೆದಿದೆ ಅಷ್ಟೆ, ಕಾಫಿ ತೋಟ ಹೂ ಬಿಟ್ಟಿದೆ, ನಿನ್ನೆ ಸಂಜೆ ಮೊಗ್ಗಾಗಿದ್ದದ್ದು ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಬಿರಿದು ಕೂತಿದೆ, ಈ ವಾಸನೆಗೆ ಪ್ರತಿವರ್ಷ ಮೋಸಹೋಗುತ್ತೇನೆ, ಅರವತ್ತು ದಾಟಿದ ಮೇಲೂ — ಕೂತಲ್ಲೇ ಕಣ್ಣು ಹತ್ತಿತ್ತು, ಕನ್ನಡಕ ಮೂಗಿನ ಮೇಲೇ ಇದೆ, ಎದೆಯ ಮೇಲೆ ಮಗಳ ಕಾದಂಬರಿ, ಇನ್ನೂ ಪುಸ್ತಕವಾಗಿಲ್ಲ, ಹಾಸನದ ಜೆರಾಕ್ಸ್ ಅಂಗಡಿಯಲ್ಲಿ ಸುರುಳಿ ತಂತಿ ಹಾಕಿಸಿದ ಹಾಳೆಗಳು, ತಂತಿಯ ತುದಿ ಅಂಗಿಗೆ ಸಿಕ್ಕಿಕೊಂಡಿದೆ, ಬಿಡಿಸಬೇಕು, ಬಲಗೈ ಏಳುತ್ತಿಲ್ಲ, ಸ್ಪ್ರಿಂಕ್ಲರ್ ಪೈಪು ಹೊತ್ತ ಭುಜ, ಆಳು ಸಿಗದೆ ಈ ಸಲವೂ ನಾನೇ ಎಳೆದಾಡಿದ್ದು, ನೀರು ಕೊಟ್ಟು ವಾರ ಕಳೆದು ಹೂ ಬಂತು, ಭುಜದ ನೋವು ಮಾತ್ರ ಹೋಗಲಿಲ್ಲ. ಇವತ್ತು ಕೆಲಸವಿಲ್ಲ. ಹೂವಿನ ದಿನ ತೋಟದೊಳಗೆ ಯಾರೂ ಕಾಲಿಡುವ ಹಾಗಿಲ್ಲ, ಮೈ ತಾಗಿದರೆ ಹೂ ಕೆಡುತ್ತದೆ, ಜೇನು ಕೂತು ಎದ್ದು ಮತ್ತೆ ಕೂತು ಕಾಯಿ ಕಚ್ಚಬೇಕು, ಅಲ್ಲೀವರೆಗೆ ಹೂ ಬಿಟ್ಟ ತೋಟ ಬಾಣಂತಿ ಕೋಣೆ ಇದ್ದಂಗೆ ಕಣೋ ಅನ್ನುತ್ತಿದ್ದ ನಮ್ಮಪ್ಪ, ತೋಟದ ಬಾಯಿಯ ಬಿದಿರಿನ ಉಣುಗೋಲು ಸರಿಸಿ ಒಳಗೆ ಹೋದ ದನವನ್ನು ಕೂಡ ಕೂಗದೆ, ಕಲ್ಲೆಸೆಯದೆ, ಹಿಂದಿನಿಂದ ಹೋಗಿ ಮೆಲ್ಲಗೆ ಬಾಲ ಹಿಡಿದು ತಿರುಗಿಸುತ್ತಿದ್ದ — ಫೋನು ಗುರ್ ಅಂದಿತು, ಮಗಳು ತನುಜಾ ಇರಬೇಕು, ಅಲ್ಲ, ಅರಣ್ಯ ಇಲಾಖೆಯವರ ಆನೆಯ ಮೆಸೇಜು, ಎರಡು ಆನೆಗಳು ಕುಂದೂರಿನ ಕಡೆ ಹೊರಟಿವೆ ಎಚ್ಚರಿಕೆ, ಆನೆಗೆ ಯಾರು ಹೇಳಬೇಕು ಇವತ್ತು ಹೂವಿನ ದಿನವೆಂದು. ತನುಜಾ ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ. ಬಂದವಳಿಗೆ ನಾನು ಹೂಂ ಅನ್ನಬೇಕು, ಇಲ್ಲ ಬೇಡ ಅನ್ನಬೇಕು. ಬೇಡ ಅಂದರೆ ಅಚ್ಚು ಹಾಕಿಸುವುದೇ ಇಲ್ಲವಂತೆ, ಇಸ್ಕೂಲು ಮಕ್ಕಳ ಪೇಪರು ತಿದ್ದಿ, ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ವರ್ಷಗಟ್ಟಲೆ ಬರೆದದ್ದು, ನೀವು ಬೇಡ ಅಂದ್ರೆ ಬೇಡ ಅಪ್ಪಾಜಿ ಎಂದು ಹಾಳೆಗಳನ್ನು ಈ ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೋದಳು.

ಬೇರೆಯವರ ಕಾದಂಬರಿಯಾದರೆ ನನಗೆ ಕಷ್ಟವಿಲ್ಲ, ಓದುತ್ತೇನೆ, ಬೈಯುತ್ತೇನೆ, ವಾಪಸು ಕೊಡುತ್ತೇನೆ. ಲೈಬ್ರರಿಯ ನಟರಾಜ್ ನನಗೆಂದೇ ಎತ್ತಿಟ್ಟಿರುತ್ತಾನೆ, ರೈಟ್ರೇ ಇದು ದಪ್ಪ ಐತೆ, ತಿಂಗಳು ಬರುತ್ತೆ ನಿಮಗೆ, ಅಕ್ಕಿ ಮೂಟೆ ಕೊಟ್ಟ ಹಾಗೆ ಕೊಡುತ್ತಾನೆ, ಎಸ್ಟೇಟ್ ರೈಟರ್ ಕೆಲಸ ಬಿಟ್ಟು ಎಷ್ಟು ಕಾಲವಾದರೂ ಆಳುಗಳ ಹಾಜರಿ ಕೂಗುತ್ತಿದ್ದವನಿಗೆ ಆ ಹೆಸರು ಬಿಡುವುದಿಲ್ಲ. ಸಂಕ್ರಾಂತಿಗೆ ಮುಂಚೆ ಮುಗಿಸಿದ ದಪ್ಪ ಪುಸ್ತಕದಲ್ಲಿ ಒಬ್ಬ ದೋಣಿಯವನು, ಮೂರು ತಲೆಮಾರು, ಎಲ್ಲರೂ ನದಿಯನ್ನು ನೋಡಿಕೊಂಡು ಯೋಚನೆ ಮಾಡುವವರೇ, ಅವನ ಹೆಂಡತಿ ಒಂದು ಪುಟದಲ್ಲಿ ಅನ್ನ ಬಡಿಸುತ್ತಾಳೆ, ಅನ್ನ ಬೇಯಿಸಿದ್ದು ಯಾರು, ಆ ಪಾತ್ರೆ ತೊಳೆದದ್ದು ಯಾರು, ಕಾದಂಬರಿಯಲ್ಲಿ ಪಾತ್ರೆ ತೊಳೆಯುವವರನ್ನು ನಾನು ಕಂಡಿಲ್ಲ, ನಲವತ್ತು ವರ್ಷದ ಓದಿನಲ್ಲಿ ಕಂಡಿಲ್ಲ, ಎಲ್ಲರೂ ಉಂಡು ಎದ್ದು ಹೊಳೆಯ ದಂಡೆಗೆ ಹೋಗಿಬಿಡುತ್ತಾರೆ. ಕೊನೆಗೆ ದೋಣಿಯವನು ಮುಳುಗಿದ. ಬರೆಯುವವನಿಗೆ ಸುಸ್ತಾದಾಗ ಯಾರಾದರೊಬ್ಬರು ಸಾಯುತ್ತಾರೆ, ನನಗೂ ಸುಸ್ತಾಗುತ್ತದೆ, ನಾನು ಯಾರನ್ನು ಮುಳುಗಿಸಲಿ. ಆಮೇಲಿನದು ಯಾವುದೋ ಹಿಮ ಬೀಳುವ ದೇಶದ್ದು, ಕನ್ನಡಕ್ಕೆ ತಂದದ್ದು, ಗಂಡಹೆಂಡತಿ ರೈಲಿನಲ್ಲಿ ಎದುರುಬದುರು ಕೂತು ಇಡೀ ಪುಸ್ತಕ ಮಾತಾಡದೆ ಇರುತ್ತಾರೆ, ಅದು ಹಿಡಿಸಿತು, ಏಕೆಂದು ಗೊತ್ತಿಲ್ಲ, ಅವಳು ಕಿತ್ತಳೆ ಸುಲಿದು ಅರ್ಧ ಅವನ ಕಡೆ ತಳ್ಳುತ್ತಾಳೆ, ಅವನು ತಿನ್ನದೆ ಜೇಬಿಗೆ ಹಾಕಿಕೊಳ್ಳುತ್ತಾನೆ, ನನ್ನ ಹೆಂಡತಿ ಗಂಗಾಮಣಿಗೆ ಕಿತ್ತಳೆಯ ಬೀಜ ನುಂಗುವ ಅಭ್ಯಾಸ, ಹೊಟ್ಟೇಲಿ ಗಿಡ ಹುಟ್ಟುತ್ತೆ ನೋಡು ಎಂದರೆ ಹುಟ್ಟಲಿ ಬುಡಿ, ತೋಟಕ್ಕೆ ನೆರಳಾಗುತ್ತೆ ಅನ್ನುತ್ತಿದ್ದಳು — ಅರಸೀಕೆರೆ ಕಡೆಯ ತೆಂಗಿನ ಸೀಮೆಯವಳು, ಕಾಫಿಗೆ ನೆರಳು ಬೇಕೆಂದು ಮದುವೆಯಾಗಿ ಬಂದ ಮೇಲೆ ಕಲಿತವಳು.

ಮಗಳ ಕಾದಂಬರಿಯಲ್ಲಿ ಆ ಕಿತ್ತಳೆ ಬೀಜ ಇದೆ. ಅದರಲ್ಲಿ ಗಂಗಾಮಣಿ ಇದ್ದಾಳೆ, ಹೆಸರು ಬೇರೆ, ಅವಳೇ. ನಾನು ಮೂರನೇ ಅಧ್ಯಾಯದಲ್ಲಿ ಸಾಯುತ್ತೇನೆ. ಕಾಮಾಲೆ ಬಂದು, ಕಣ್ಣು ಹಳದಿಯಾಗಿ, ಮಗಳು ಎರಡನೇ ಕ್ಲಾಸಿನಲ್ಲಿರುವಾಗ, ಅಂದರೆ ಗಂಗಾಮಣಿಯ ಸಾವನ್ನು ತೆಗೆದು ನನಗೆ ಕೊಟ್ಟಿದ್ದಾಳೆ, ತಾರೀಕು ಕೂಡ ಬದಲಾಯಿಸಿಲ್ಲ. ಓದುತ್ತಾ ಬಂದವನು ಅಲ್ಲಿ ನಿಂತೆ, ಎದ್ದು ಹೋಗಿ ನೀರು ಕುಡಿದೆ, ಕೋಳಿಗೆ ಕಾಳು ಹಾಕಿದೆ, ವಾಪಸು ಬಂದು ನೋಡಿದರೂ ಸತ್ತೇ ಇದ್ದೆ. ಅದಾಗಲಿ, ಕಥೆ, ಯಾರೋ ಒಬ್ಬರು ಸಾಯಬೇಕು, ಆದರೆ ಮುಂದೆ ಓದಿದಂತೆ — ತಾಯಿ ಮಗಳಿಗೆ ಜಡೆ ಹಾಕುತ್ತಾಳೆ, ಬೈತಲೆ ಸೊಟ್ಟ, ರಿಬ್ಬನ್ನಿಗೆ ಗೋಣಿಚೀಲದ ಬಾಯಿ ಕಟ್ಟುವ ಗಂಟು ಬಿಗಿಯುತ್ತಾಳೆ, ಇಸ್ಕೂಲಿನಲ್ಲಿ ಮೇಡಂ ಬಿಚ್ಚಲಾರದೆ ಕತ್ತರಿ ತರುತ್ತಾರೆ. ಆ ಗಂಟು ನನ್ನದು. ಸ್ಟೋರಿನಲ್ಲಿ ಕಾಫಿ ಚೀಲ ಕಟ್ಟಿದ ಕೈಗೆ ಬೇರೆ ಗಂಟು ಬರುತ್ತಿರಲಿಲ್ಲ, ಯಾವ ತಾಯಿ ಮಗಳ ಜಡೆಗೆ ಗೋಣಿ ಗಂಟು ಹಾಕುತ್ತಾಳೆ. ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾದ ಅಕ್ಕಿರೊಟ್ಟಿ, ಅದೂ ನನ್ನದು. ಬೆಳಗೋಡಿನಿಂದ ಬರುವ ಬಸ್ಸು ಕೆಟ್ಟು ನಿಂತು ಜ್ವರದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಡೆದದ್ದು, ಹಾಡು ಗೊತ್ತಿಲ್ಲದೆ ಹಾಜರಿ ಹೆಸರುಗಳನ್ನೇ ರಾಗವಾಗಿ ಕೂಗಿ ಮಲಗಿಸಿದ್ದು, ದೇವೀರಪ್ಪಾ ಬಂದನೇ, ಪುಷ್ಪಾ ಬಂದಳೇ, ಹಾಜರೀ ಹಾಜರಿ, ಮಗು ಬೆನ್ನಿನ ಮೇಲಿಂದ ನಿದ್ದೆಗಣ್ಣಿನಲ್ಲೇ ಬಂದ್ರು ಬಂದ್ರು ಎಂದದ್ದು. ಅದನ್ನೂ ತಾಯಿಗೆ ಕೊಟ್ಟಿದ್ದಾಳೆ. ಹಾಜರಿ ಹೆಸರು ಗಂಗಾಮಣಿಗೆ ಹೇಗೆ ಗೊತ್ತಿರುತ್ತದೆ, ಅವಳು ಆಳುಗಳಿರುವ ಎಸ್ಟೇಟ್ ಲೈನಿನ ಕಡೆಗೆ ಹೋದವಳೇ ಅಲ್ಲ. ಕಾದಂಬರಿಯ ತಾಯಿ ಊಟವಾದ ಮೇಲೆ ಬಾವಿಕಟ್ಟೆಯಲ್ಲಿ ಕೂತು ಪಾತ್ರೆ ಬೆಳಗುತ್ತಾಳೆ, ಬೂದಿ, ತೆಂಗಿನ ನಾರು, ಉಗುರಿನ ಸಂದಿಯ ಕಪ್ಪು, ಒಂದು ಪುಟ ಪೂರ್ತಿ, ಕೊನೆಗೂ ಒಂದು ಕಾದಂಬರಿಯಲ್ಲಿ ಪಾತ್ರೆ ತೊಳೆದರು, ತೊಳೆದವನು ಮಾತ್ರ ಸತ್ತು ಗೋಡೆಯ ಮೇಲೆ ಫೋಟೋ ಆಗಿದ್ದಾನೆ, ಫೋಟೋಕ್ಕೆ ಹಾರ ಕೂಡ ಪ್ಲಾಸ್ಟಿಕ್ಕಿನದು.

ಮೊಸರು ಕೊಡಲು ಬಂದ ನೆರೆಮನೆಯ ನಂಜಮ್ಮನಿಗೆ ತಡೆಯಲಾರದೆ ಹೇಳಿಬಿಟ್ಟೆ, ಮೊನ್ನೆ. ಅವಳಿಗೆ ಓದು ಬಾರದು, ಆದರೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ, ಸೆರಗಿನಿಂದ ಪಾತ್ರೆಯ ಕುಂಡೆ ಒರೆಸುತ್ತಾ ಕೇಳಿಸಿಕೊಂಡಳು. ಬುಡು ಸಿದ್ದಬಸಣ್ಣ, ಸತ್ತ ಅಂತ ಸುದ್ದಿಯಾದೋರಿಗೆ ಆಯಸ್ಸು ಜಾಸ್ತಿ, ನಿಂಗೆ ಇನ್ನಿಪ್ಪತ್ತು ವರ್ಸ ಗ್ಯಾರಂಟಿ ಆಯ್ತು, ನಂಗೇ ಮೊಸರು ಹೊತ್ತು ಹೊತ್ತು ಸಾಕಾಗುತ್ತೆ. ನಾನು ನಗಲಿಲ್ಲ. ಅದಕ್ಕೆ ಅವಳು ಹೊಸ್ತಿಲಲ್ಲಿ ತಿರುಗಿ, ಅಲ್ಲ ಕಣಣ್ಣ, ಇದ್ದೋನ್ನ ದಿನಾ ನೋಡ್ತಾಳೆ, ಇಲ್ದೋಳ್ನ ಎಲ್ಲಿ ನೋಡಬೇಕು ಪಾಪ, ಎಂದು ಹೋದಳು. ಎಲ್ಲಿ ನೋಡಬೇಕು. ನಿಜ. ಆದರೆ ಎರಡನೇ ಕ್ಲಾಸಿನಿಂದ ಬಿಎಡ್‌ವರೆಗೆ, ಹಾಸನದಲ್ಲಿ ಕೆಲಸ ಸಿಗುವವರೆಗೆ, ಒಂದು ದಿನವೂ, ಒಂದು ದಿನವೂ ಜ್ವರ ಬಂತೆಂದು ಮಲಗಿದವನಲ್ಲ ನಾನು, ಬಂದರೂ ಎದ್ದು ಒಲೆ ಹಚ್ಚಿದವನು, ಕೆಲಸದಿಂದ ಬಂದು ಬೂಟು ಬಿಚ್ಚುವ ಮುಂಚೆ ಅಕ್ಕಿ ನೆನೆಹಾಕಿದವನು, ಮಗಳು ಅಷ್ಟೆಲ್ಲ ನೋಡಿ, ಎಲ್ಲವನ್ನೂ ನೆನಪಿಟ್ಟುಕೊಂಡು, ಕೊನೆಗೆ ಇಬ್ಬರಲ್ಲಿ ಒಬ್ಬರನ್ನು ಬದುಕಿಸುವ ಅಧಿಕಾರ ಕೈಗೆ ಬಂದಾಗ — ಥೂ, ಸತ್ತವಳ ಮೇಲೆ ಹೊಟ್ಟೆಕಿಚ್ಚು, ಈ ವಯಸ್ಸಿನಲ್ಲಿ. ಬೇಡ ಅನ್ನಬಹುದು. ಬೇಡ ಕಣಮ್ಮ, ಊರಿನವರು ಓದಿ ನಗುತ್ತಾರೆ ಎಂದರೆ ನಂಬುತ್ತಾಳೆ. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಆಯ್ತು ಬುಡಿ ಅಪ್ಪಾಜಿ ಎಂದು, ರಾತ್ರಿಗೆ ಏನು ಸಾರು ಮಾಡಲಿ ಎಂದು ಕೇಳುತ್ತಾಳೆ, ಅವಳು ಹಾಗೆ, ನೋವಾದರೆ ಸಾರಿನ ಮಾತು, ಅದೂ ನನ್ನಿಂದಲೇ ಕಲಿತದ್ದು.

ಆ ಒಂದು ಅಧ್ಯಾಯ ಮತ್ತೆ ತೆಗೆದೆ. ತೋಟದ ಅಧ್ಯಾಯ. ಮೊದಲು ಓದಿದಾಗ ಸಿಟ್ಟು ಬಂದದ್ದು ಇಲ್ಲಿ, ನನ್ನನ್ನು ಕೊಂದದ್ದಕ್ಕಿಂತ ಜಾಸ್ತಿ, ತಾಯಿ ಹೂವಿನ ದಿನ ತೋಟದೊಳಗೆ ಹೋಗುತ್ತಾಳೆ. ಹೂ ಬಿರಿದ ಬೆಳಗ್ಗೆಯೇ, ಜೇನು ಗುಂಯ್‌ಗುಡುವಾಗ, ಉಣುಗೋಲಿನ ಬಿದಿರು ಸರಿಸಿ, ಸತ್ತ ಗಂಡನ ಗಂಬೂಟು ಹಾಕಿಕೊಂಡು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಗಿಡಗಳ ನಡುವೆ, ಒಬ್ಬಳೇ. ಕಾಫಿ ಸೀಮೆಯಲ್ಲಿ ಹುಟ್ಟಿದವಳು ಬರೆಯುವ ಮಾತೇ ಇದು. ಓದಿದ ದಿನವೇ ಫೋನು ಮಾಡಿ ಹೇಳಿದೆ, ಬೇರೆ ಏನೂ ಹೇಳಲಾರದೆ ಅದನ್ನೊಂದೇ ಹೇಳಿದೆ, ಅದೊಂದು ತಪ್ಪಾಗೈತೆ ಕಣಮ್ಮ, ಹೂವಿನ ದಿನ ಯಾರಾದ್ರೂ ಒಳಗೆ ಹೋಗ್ತಾರಾ, ಓದಿದೋರು ಇವಳಿಗೆ ತೋಟವೇ ಗೊತ್ತಿಲ್ಲ ಅಂತಾರೆ. ಆ ಕಡೆ ಇಸ್ಕೂಲಿನ ಗಲಾಟೆ, ಬೆಲ್ಲು, ಆಮೇಲೆ ಅವಳು, ಗೊತ್ತು ಅಪ್ಪಾಜಿ, ಗೊತ್ತಿದ್ದೇ ಬರ್ದಿರೋದು. ಅಮ್ಮ ಪ್ರತಿ ಹೂವಿಗೂ ಉಣುಗೋಲು ಹಿಡ್ಕೊಂಡು ಆಚೇನೇ ನಿಂತಿರ್ತಿದ್ಲಂತೆ, ನಂಜಮ್ಮತ್ತೆ ಹೇಳಿದ್ರು, ಕಥೇಲಾದ್ರೂ ಒಳಗೆ ಹೋಗ್ಲಿ ಅಂತ. ಹೌದು, ನಿಂತಿರುತ್ತಿದ್ದಳು. ಮದುವೆಯಾದ ವರ್ಷ ನಮ್ಮಪ್ಪನನ್ನೇ ಕೇಳಿದ್ದಳು, ಒಂದೇ ಒಂದು ಸಾಲಿನವರೆಗೆ ಹೋಗಿ ಬರ್ತೀನಿ ಮಾವ ಎಂದು, ಅವನು ಬಾಣಂತಿ ಕೋಣೆಯ ಮಾತು ಹೇಳಿದ್ದ. ಹೂ ಬಾಡಿ ಕಂದು ತಿರುಗಿದ ಮೇಲೆ ನಾನು ಈಗ ಬಾ ಎಂದು ಕರೆದರೆ, ಚಪ್ಪರ ಬಿಚ್ಚಿದ ಮೇಲೆ ಮದುವೆ ಮನೆಗೆ ಏನು ಬರೋದು ಎಂದಳು. ಆಮೇಲಾಮೇಲೆ ಕೇಳುತ್ತಿರಲಿಲ್ಲ, ಬೆಳಿಗ್ಗೆ ಎದ್ದು ಹೋಗಿ ನಿಲ್ಲುತ್ತಿದ್ದಳು ಅಷ್ಟೆ, ಬಿದಿರಿನ ಮೇಲೆ ಎರಡೂ ಕೈ, ಮುಖ ಒಳಗೆ ಚಾಚಿ, ಉಳಿದ ಮೈಯೆಲ್ಲ ರಸ್ತೆಯಲ್ಲಿ.

ಆದರೆ ಬೂಟು ಏಕೆ. ಬರಿಗಾಲಲ್ಲಿ ಕಳಿಸಬಹುದಿತ್ತು ಮಗಳು, ಬರೆಯುವವರು ಬರಿಗಾಲನ್ನೇ ಬರೆಯುತ್ತಾರೆ, ಚೆಂದ ಕಾಣುತ್ತದೆ. ಓದಿ ನೋಡುತ್ತೇನೆ, ಬಾಗಿಲ ಮೂಲೆಯಲ್ಲಿ ನಿಂತಿದ್ದ ಅವನ ಬೂಟು, ಅವನ ಕಾಲಿನ ಆಕಾರಕ್ಕೇ ಒಂದು ಕಡೆ ವಾಲಿದ್ದು, ಒಳಗೆ ಕಾಲಿಟ್ಟರೆ ಹೆಬ್ಬೆಟ್ಟಿನ ಜಾಗ ಗುಳಿಬಿದ್ದಿದೆ, ಅವಳ ಹೆಬ್ಬೆಟ್ಟು ಆ ಗುಳಿಯವರೆಗೆ ಮುಟ್ಟುವುದಿಲ್ಲ — ನನ್ನ ಬೂಟಿನೊಳಗೆ ಮಗಳು ಯಾವಾಗ ಕಾಲಿಟ್ಟು ನೋಡಿದಳು. ಗಂಟು, ರೊಟ್ಟಿ, ಹಾಜರಿ, ಪಾತ್ರೆಯ ಬೂದಿ, ನನ್ನದೆಲ್ಲವನ್ನೂ ಹಾಕಿಕೊಂಡು ಗಂಗಾಮಣಿ ನಡೆಯುತ್ತಿದ್ದಾಳೆ, ಹಾಗಾದರೆ ನಾನು ಬರೀ ಫೋಟೋದಲ್ಲಿಲ್ಲ — ಫೋನು. ಈ ಸಲ ಮಗಳೇ. ಅಪ್ಪಾಜಿ, ಬಸ್ಸು ಆಲೂರು ಬುಡ್ತು. ಹೂಂ. ಊಟ ಮಾಡಿದ್ರಾ. ಹೂಂ, ಮಾಡಿರಲಿಲ್ಲ. ಏನಂತ ತೀರ್ಮಾನ ಮಾಡಿದ್ರಿ, ಈಗ್ಲೇ ಹೇಳ್ಬುಡಿ, ಮನೆಗೆ ಬಂದು ನಿಮ್ಮ ಮುಖ ನೋಡ್ಕೊಂಡು ಕೇಳೋಕೆ ನಂಗಾಗಲ್ಲ. ಬಸ್ಸಿನ ಸದ್ದು, ಯಾರದೋ ಮಗು ಅಳುವುದು, ಕಂಡಕ್ಟರ್ ಚಿಲ್ಲರೆ ಕೇಳುವುದು, ನಾನು ಏನೋ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಇಷ್ಟೇ, ನನ್ನ ಬೂಟು ಒಂಬತ್ತನೇ ನಂಬರು ಕಣಮ್ಮ, ನಿಮ್ಮಮ್ಮನ ಕಾಲು ಇಷ್ಟೇ ಇಷ್ಟು, ಹಂಗೇ ಹಾಕ್ಕೊಂಡು ಹೋದ್ರೆ ಹಿಮ್ಮಡಿ ಉಜ್ಜಿ ಬೊಬ್ಬೆ ಬರುತ್ತೆ, ಮುಂದ್ಗಡೆ ಬಟ್ಟೆ ತುರುಕ್ಕೊಂಡ್ಲು ಅಂತ ಒಂದು ಸಾಲು ಸೇರ್ಸು, ಸೇರ್ಸಿ ಆಮೇಲೆ ಅಚ್ಚಿಗೆ ಕೊಡು. ಆ ಕಡೆ ಬಸ್ಸಿನ ಸದ್ದು ಇತ್ತು, ಆಮೇಲೆ ಯಾವುದೋ ತಿರುವಿನಲ್ಲಿ ಅದೂ ಹೋಯಿತು, ಸಿಗ್ನಲ್ಲು ಹೋಗಿರಬೇಕು, ಅಥವಾ ಅವಳು ಫೋನನ್ನು ಮಡಿಲಿಗೆ ಹಾಕಿಕೊಂಡಿರಬೇಕು, ಸಾರಿನ ಮಾತಂತೂ ಕೇಳಲಿಲ್ಲ — ಯಾವ ಬಟ್ಟೆ ತುರುಕಿಯಾಳು ಗಂಗಾಮಣಿ, ಹಳೆಯ ಲಂಗದ ತುಂಡು ಇರಬಹುದು, ನನ್ನ ಬನಿಯನ್ನೇ ಇರಬಹುದು, ತುರುಕಿ, ಕಾಲಿಟ್ಟು, ಒಮ್ಮೆ ನೆಲಕ್ಕೆ ಕುಟ್ಟಿ ನೋಡಿ, ಬಿದಿರು ಸರಿಸುತ್ತಾಳೆ, ಸೀರೆ ಎತ್ತಿ ಕಟ್ಟಿದ್ದಾಳೆ, ಬಿಳಿಯ ಸಾಲುಗಳ ನಡುವೆ ಆ ದೊಡ್ಡ ಕರಿ ಬೂಟು, ಧಪ್, ಒಂದು ಹೆಜ್ಜೆ, ಒಂದು ಗಿಡವನ್ನೂ ತಾಗಿಸದೆ ಮೈ ಓರೆ ಮಾಡಿಕೊಂಡು ಇನ್ನೊಂದು, ಒದ್ದೆ ಬೂಟಿನ ಮೂತಿಗೆ ಒಂದು ಹೂವಿನೆಸಳು ಅಂಟಿದೆ, ನಿಂತು ಬಗ್ಗಿ ನೋಡುತ್ತಾಳೆ, ತೆಗೆಯುವುದಿಲ್ಲ, ಹಾಗೇ, ಧಪ್, ಬೂಟು, ಬೂಟಿನ ಮೇಲೆ ಆ ಬಿಳಿ ಎಸಳು