ಬೇಸಿಗೆಯ ಒಂದು ಗಂಟೆ

ಗಡಿಯಾರಮ್ಮನಿಗೆ ತನ್ನ ತಪ್ಪು ಕಣ್ಣಿಗೆ ಬಿದ್ದಾಗ ಬೆಳಗ್ಗೆ ಹತ್ತೂವರೆ. ಮಧ್ಯಾಹ್ನ ಮೂರಕ್ಕೆ ಫಲಿತಾಂಶ ತೆರೆಯುವ ಸಭೆ. ಹೊತ್ತಿನ ವಿಷಯದಲ್ಲಿ ಎಲ್ಲರ ಜೀವ ಹಿಂಡುತ್ತಾಳೆಂದೇ ಪ್ರಯೋಗಾಲಯದವರು ಅವಳಿಗೆ ಆ ಹೆಸರಿಟ್ಟಿದ್ದರು. ಎಡವಿದ್ದೂ ಅಲ್ಲೇ.

ಅವಳ ಕೆಲಸ ಹೇಳುವುದಕ್ಕೇನೋ ಸುಲಭ. ನೆಲದಡಿಯ ಉಂಗುರದಲ್ಲಿ ಪ್ರೋಟಾನುಗಳು ಡಿಕ್ಕಿ ಹೊಡೆದಾಗ ಹುಟ್ಟುವ ಭಾರಿ ಕಣಗಳನ್ನು ಗಂಟೆಗಂಟೆಗೂ ಎಣಿಸಬೇಕು. ಭೂಮಿಯ ಜೊತೆ ಯಂತ್ರವೂ ತಿರುಗುತ್ತದೆ. ಅದು ಯಾವ ನಕ್ಷತ್ರದ ಕಡೆ ಮುಖ ಮಾಡಿದ್ದರೂ ಎಣಿಕೆ ಬದಲಾಗಬಾರದು. ಬದಲಾದರೆ ದೇಶಕಾಲವೇ ಒಂದು ದಿಕ್ಕಿಗೆ ಪಕ್ಷಪಾತ ಮಾಡುತ್ತಿದೆ ಎಂದರ್ಥ. ಆಸೆಗೆ ಬಿದ್ದು ಯಾರೂ ಲೆಕ್ಕ ತಿರುಚಬಾರದೆಂದು ಫಲಿತಾಂಶವನ್ನು ಕೊನೆಯವರೆಗೂ ಮುಚ್ಚಿಡುತ್ತಾರೆ. ಒಮ್ಮೆ ತೆರೆದ ಮೇಲೆ ಲೆಕ್ಕ ಮುಟ್ಟುವಂತಿಲ್ಲ.

ಎಣಿಕೆಯನ್ನು ಆಯಾ ಹೊತ್ತಿನ ಪ್ರೋಟಾನು ಕಿರಣದ ಬಲದಿಂದ ಭಾಗಿಸಬೇಕು. ಆ ಬಲದ ಪಟ್ಟಿ ಗೋಡೆ ಗಡಿಯಾರದ ಸಮಯದಲ್ಲಿತ್ತು. ಆ ದೇಶದಲ್ಲಿ ಬೇಸಿಗೆ ಬಂದರೆ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ; ಎಣಿಕೆಯ ಸಮಯ ಮಾತ್ರ ಬದಲಾಗುವುದಿಲ್ಲ. ಅದನ್ನು ಕಳೆಯಲು ಅವಳು ಮರೆತಿದ್ದಳು.

ಮೆಟ್ಟಿಲ ಮೇಲೆ ಕುಳಿತು ಅಕ್ಕನಿಗೆ ಫೋನ್ ಮಾಡಿದಳು.

"ಒಂದು ತಪ್ಪು ಮಾಡ್ಬಿಟ್ಟಿದ್ದೀನಿ ಅಕ್ಕಾ."

"ಎಷ್ಟು ದೊಡ್ಡದು?"

"ಒಂದು ಗಂಟೆ."

"ಅಷ್ಟಕ್ಕೆ ಇಷ್ಟು ಗೋಳಾ? ಹೋಗಿ ನಿಮ್ಮ ಸರ್‌ಗೆ ಹೇಳ್ಬಿಡು."

ಹೇಳಿದರೆ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕು, ಸಭೆ ಆರು ತಿಂಗಳು ಮುಂದೆ ಹೋಗುತ್ತದೆ. ಈ ಒಂದು ಪ್ರಶ್ನೆಗೆ ಮೂವತ್ತು ವರ್ಷ ಸವೆಸಿದ ಸರ್ ಶುಕ್ರವಾರ ನಿವೃತ್ತರಾಗುತ್ತಾರೆ. ಆದರೂ ಧೈರ್ಯ ಮಾಡಿ ಅವರ ಕೋಣೆಗೆ ಹೋದಳು. ಅವರು ಇವತ್ತಿಗೆಂದೇ ಹೊಸ ಅಂಗಿ ತೊಟ್ಟಿದ್ದರು. ಬೆಲೆಚೀಟಿ ಕಾಲರಿನ ಹಿಂದೆ ನೇತಾಡುತ್ತಿತ್ತು. ಅದನ್ನು ಕತ್ತರಿಸಿ ತೆಗೆದು, ಬಾಯಿಗೆ ಬಂದ ಮಾತು ನುಂಗಿಕೊಂಡು ವಾಪಸು ಬಂದಳು. ನಾಲ್ಕು ವರ್ಷದ ಎಣಿಕೆಯ ರಾಶಿಯಲ್ಲಿ ಒಂದು ಗಂಟೆ ಎಲ್ಲಿ ಕಾಣುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೂರಕ್ಕೆ ಪರದೆಯ ಮೇಲೆ ನಕ್ಷೆ ಮೂಡಿತು. ನೇರ ಇರಬೇಕಾದ ಗೆರೆ ಏರಿ ಇಳಿದಿತ್ತು. ಸರ್ ಕನ್ನಡಕ ತೆಗೆದರು, ಕಣ್ಣು ತುಂಬಿತ್ತು.

"ಕೊನೆಗೂ ಸಿಕ್ತಲ್ಲ ತಾಯಿ," ಎಂದರು.

ಅವಳು ಎದ್ದು ನಿಂತಳು.

"ಸಿಕ್ಕಿಲ್ಲ ಸರ್. ಬೇಸಿಗೆಯ ಒಂದು ಗಂಟೆ ಕಳೆಯೋದು ಮರೆತಿದ್ದೆ, ಅದಕ್ಕೇ ಹೀಗಾಗಿದೆ. ಹತ್ತೂವರೆಗೇ ಗೊತ್ತಾಯ್ತು."

ಸರ್ ಆ ಗೆರೆಯನ್ನು ಇನ್ನೊಮ್ಮೆ ನೋಡಿದರು. ಗಂಟೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಗೊತ್ತಾದ ಮೇಲೇನೇ ನನ್ನ ಕೋಣೆಗೆ ಬಂದಿದ್ಯಲ್ಲಮ್ಮ," ಎಂದರು.