ಹಗ್ಗ ಹಿಡಿದವನ ಗಾಯ

ಹಗೇವಿಗೆ ಇಳಿದು ಜೋಳ ತುಂಬಿಕೊಡುವವನಿಗೆ ಹದಿನೈದು ರೂಪಾಯಿ, ಮೇಲೆ ನಿಂತು ಹಗ್ಗ ಹಿಡಿಯುವವನಿಗೆ ಹತ್ತು. ಐದು ರೂಪಾಯಿ ಹೆಚ್ಚು ಸಿಗುತ್ತದೆಂದು ಸಣ್ಣಪ್ಪ ಇಳಿದ. ಅವನ ಅಣ್ಣ ಬಸಣ್ಣ ಹಗ್ಗ ಹಿಡಿದ.

ನೆಲದೊಳಗಿನ ಆ ಕಾಳಿನ ಗುಂಡಿಯ ಬಾಯಿ ತೆಗೆದ ಮೇಲೆ ಒಂದು ದಿನ ಗಾಳಿಗೆ ಬಿಡಬೇಕು. ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ನವಲಗುಂದದ ಕಡೆ ಇದು ಎಲ್ಲರಿಗೂ ಗೊತ್ತು. ಆದರೆ ಎಂಬತ್ನಾಲ್ಕರ ಆ ಬೇಸಿಗೆಯ ದಿನ ಅಣ್ಣಿಗೇರಿ ಪೇಟೆಗೆ ಹೊರಟ ಚಕ್ಕಡಿ ಕಾಯುತ್ತ ನಿಂತಿತ್ತು, ಒಂದು ದಿನ ಗಾಳಿಗೆ ಬಿಡಲು ಪುರಸೊತ್ತಿರಲಿಲ್ಲ. ಸಣ್ಣಪ್ಪ ಒಳಗೇ ಉಸಿರುಗಟ್ಟಿ ಸತ್ತ.

ಅಂದಿನಿಂದ ಬಸಣ್ಣ ಕೂಲಿಗೆ ಹೋಗಲಿಲ್ಲ. ಹಗ್ಗ ಕಂಡರೆ ನಡುಗುವನು. ಹಳೇ ಜೋಳದ ವಾಸನೆ ಬಂದರೆ ಉಣ್ಣುವುದನ್ನು ಬಿಟ್ಟು ಏಳುವನು. ತಮ್ಮನ ದೆವ್ವ ಹಿಡಿದಿದೆ ಎಂದು ತಾಯಿ ಫಕೀರವ್ವ ತಾಯತ ಕಟ್ಟಿಸಿದಳು, ಹುಂಜ ಕೊಯ್ಯಿಸಿದಳು, ಬೇವಿನ ಬರಲಿನಿಂದ ಹೊಡೆಸಿದಳು. ಬೆನ್ನ ಮೇಲೆ ಬಾಸುಂಡೆ ಎದ್ದವು. ನಿದ್ದೆ ಮಾತ್ರ ಬರಲಿಲ್ಲ.

ಮನೆಯ ಕೂಸಿಗೆ ಸೂಜಿ ಹಾಕಲು ಬಂದ ನರ್ಸ್ ಮಹಾದೇವಕ್ಕನಿಗೆ ಬಸಣ್ಣನ ಹೆಂಡತಿ ಹನಮವ್ವ ಸಣ್ಣ ದನಿಯಲ್ಲಿ ಹೇಳಿದಳು: ಗಂಡ ಬಾವಿಕಟ್ಟೆಯ ಮೇಲೆ ಕೂತು ನೀರನ್ನೇ ನೋಡುತ್ತಿರುತ್ತಾನೆ. ಮಹಾದೇವಕ್ಕ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟು ಕೂತಳು.

"ದೆವ್ವಕ್ಕೂ ಸೂಜಿ ಐತೇನ್ರಿ ಅಕ್ಕಾರ, ನಿಮ್ಮ ಡಬ್ಬ್ಯಾಗ?" ಎಂದು ಫಕೀರವ್ವ ಕುಟುಕಿದಳು.

"ದೆವ್ವ ಅಲ್ಲಬೇ ಯವ್ವಾ. ಕಣ್ಣಾರೆ ಕಂಡ ಸಾವು ಮನಸಿನ್ಯಾಗ ಹುಣ್ಣಾಗಿ ಕುಂತೈತಿ."

"ಹಂಗಂತ ನಿಮ್ಮ ಪುಸ್ತಕದಾಗ ಬರದಾರೇನ್ರಿ?"

"ಪುಸ್ತಕ ಆಮ್ಯಾಲ ಓದೀನಿ. ಮೊದಲ ಕಂಡಿದ್ದು ನಮ್ಮವ್ವನ್ನ."

ಮಹಾದೇವಕ್ಕನ ತಂದೆ ಶಂಕ್ರಪ್ಪನೂ ತನ್ನದೇ ಹಗೇವಿನಲ್ಲಿ ಸತ್ತವನು. ಹೆಣ ಮೇಲೆ ಬಂದದ್ದನ್ನು ತಾಯಿ ಕಂಡಿದ್ದಳು. ಅದನ್ನು ಹೇಳಿಕೊಳ್ಳಲು ಹೋದಾಗಲೆಲ್ಲ ಮನೆಯವರು, ಸತ್ತವರ ಸುದ್ದಿ ಬೇಡ ಎಂದು ಬಾಯಿ ಮುಚ್ಚಿಸಿದರು. ಪ್ರೀತಿಯಿಂದಲೇ ಮುಚ್ಚಿಸಿದರು. ಕೊನೆಗೆ ಆಕೆ ಬಾವಿಗೆ ಹಾರಿಕೊಂಡಳು. ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಮಗಳು ನರ್ಸ್ ಆದಳು. ಹಳ್ಳಿಹಳ್ಳಿ ತಿರುಗುವಾಗ ತಾಯಿಯಂಥ ಮುಖಗಳೇ ಕಣ್ಣಿಗೆ ಬಿದ್ದವು. ಸುಮ್ಮನಿರಲಾಗಲಿಲ್ಲ. ಮೇಲಿನವರಿಗೆ ದುಂಬಾಲು ಬಿದ್ದು, ಧಾರವಾಡದಲ್ಲಿ ಮನೋರೋಗದ ಡಾಕ್ಟರರ ಕೈಕೆಳಗೆ ಇಂಥ ಗಾಯವಾದವರನ್ನು ಮಾತಾಡಿಸುವ ಕೆಲಸ ಕಲಿತು ಬಂದಳು.

ಬಸಣ್ಣನನ್ನು ಒಬ್ಬನನ್ನೇ ಬಿಡಬೇಡಿರೆಂದು ಅವಳು ಮೊದಲು ಹೇಳಿದಳು. ಧಾರವಾಡದ ಡಾಕ್ಟರರಿಗೆ ತೋರಿಸಿ ಗುಳಿಗೆ ಕೊಡಿಸಿದಳು. ವಾರಕ್ಕೊಮ್ಮೆ ಬಂದು ಅವನ ಬಾಜು ಕೂಡುತ್ತಿದ್ದಳು. ಮೊದಲ ದಿನ ಏನೂ ಕೇಳಲಿಲ್ಲ. ಅಂಜಿಕೆ ಬಂದಾಗ ಪಾದ ನೆಲಕ್ಕೊತ್ತಿ ನಿಧಾನ ಉಸಿರಾಡುವುದನ್ನು ಕಲಿಸಿದಳು. ಆಮೇಲೆ ಆ ದಿನದ ಸುದ್ದಿ, ತುಸು ತುಸುವೇ. ಮೈ ನಡುಗಿದರೆ ಅಲ್ಲಿಗೇ ಸಾಕು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವನು ತಾನಾಗಿ ಬಾಯಿಬಿಟ್ಟ.

"ಕಂದೀಲು ಆರಿತ್ರಿ ಅಕ್ಕಾರ. ನಾ ಕಂಡಿದ್ದೆ. ಗಾಳೀಗೆ ಆರಿರಬೇಕು, ಇಳಿಯಲೇ ಅಂದೆ."

ಫಕೀರವ್ವ ಬಾಗಿಲಲ್ಲೇ ನಿಂತಿದ್ದಳು. ಬಂದು ಮಗನ ಬೆನ್ನ ಮೇಲೆ ಕೈಯಿಟ್ಟಳು.

"ಇಷ್ಟನ್ನ ಒಬ್ಬಾವ ಹೊತ್ತಿದ್ದೇನೋ ಯಪ್ಪಾ? ನಾ ನಿನ್ನ ಹೊಡಸೀನಲ್ಲೋ."

ಅವನು ಅತ್ತ. ತಮ್ಮ ಸತ್ತ ಮೇಲೆ ಅತ್ತದ್ದು ಅದೇ ಮೊದಲು. ಮುಂದಿನ ಸಲ ಧಾರವಾಡಕ್ಕೆ ಕರೆದುಕೊಂಡು ಹೋದವಳು ಫಕೀರವ್ವನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಇಂಥವರಿರಬಹುದು. ಹೊಡೆಸಬೇಡಿ. ಮರೆತುಬಿಡು ಎಂದು ಬಾಯಿ ಮುಚ್ಚಿಸಬೇಡಿ, ಒತ್ತಾಯ ಮಾಡಿ ಬಾಯಿ ಬಿಡಿಸಲೂ ಬೇಡಿ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮೂರಿಗೆ ಬರುವ ನರ್ಸಿಗೆ ತಿಳಿಸಿರಿ.

ಬಸಣ್ಣ ಈಗ ಕೂಲಿಗೆ ಹೋಗುತ್ತಾನೆ, ಹೆಚ್ಚಿನ ರಾತ್ರಿ ನಿದ್ದೆ ಮಾಡುತ್ತಾನೆ. ಪೂರ್ತಿ ಗುಣವಾಯಿತೆಂದರೆ ಸುಳ್ಳಾದೀತು. ಫಕೀರವ್ವನಿಗೆ ಒಬ್ಬ ಮಗ ಹೋದ. ಒಬ್ಬ ಉಳಿದ.